ಪ್ರಾಸ್ಟೇಟ್ ಕ್ಯಾನ್ಸರ್‌ನ ಹಾರ್ಮೋನ್ ಚುಚ್ಚುಮದ್ದು: ಅಡ್ಡಪರಿಣಾಮಗಳು ಮತ್ತು ನಿರ್ವಹಣೆ

ಪ್ರಾಸ್ಟೇಟ್ ಕ್ಯಾನ್ಸರ್‌ನ ಹಾರ್ಮೋನ್ ಚುಚ್ಚುಮದ್ದು ಎಂಬುದು ಪುರುಷರ ದೇಹದಲ್ಲಿ ಟೆಸ್ಟೋಸ್ಟಿರಾನ್ ಹಾರ್ಮೋನಿನ ಉತ್ಪತ್ತಿಯನ್ನು ತಡೆದು, ಆ ಮೂಲಕ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ಕುಗ್ಗಿಸುವ ಚಿಕಿತ್ಸೆಯಾಗಿದೆ. ಔಷಧವನ್ನು ಚರ್ಮದ ಅಡಿಗೆ ಅಥವಾ ಸ್ನಾಯುವಿಗೆ ಚುಚ್ಚಲಾಗುತ್ತದೆ. ತಯಾರಿಕೆಯನ್ನು ಅವಲಂಬಿಸಿ ಒಂದು ಚುಚ್ಚುಮದ್ದಿನ ಪ್ರಭಾವವು ಒಂದು ತಿಂಗಳಿನಿಂದ ಆರು ತಿಂಗಳವರೆಗೆ ಇರುತ್ತದೆ. ದೇಹದ ಬೇರೆ ಭಾಗಗಳಿಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಇದು ಮೂಲ ಚಿಕಿತ್ಸೆ. ಹರಡದಿದ್ದರೂ ಅಪಾಯ ಹೆಚ್ಚಿರುವ ಕ್ಯಾನ್ಸರ್‌ಗಳಲ್ಲಿ ವಿಕಿರಣ ಚಿಕಿತ್ಸೆಯ ಜೊತೆಗೆ ಇದನ್ನು ನಿರ್ದಿಷ್ಟ ಅವಧಿಗೆ ಕೊಡುತ್ತಾರೆ.

ಟೆಸ್ಟೋಸ್ಟಿರಾನ್ ಕೇವಲ ಲೈಂಗಿಕ ಹಾರ್ಮೋನ್ ಅಲ್ಲ. ಮೂಳೆ, ಸ್ನಾಯು, ರಕ್ತ, ಮನಸ್ಸು ಮತ್ತು ದೇಹದ ಉಷ್ಣತೆಯ ನಿಯಂತ್ರಣದಲ್ಲಿಯೂ ಅದಕ್ಕೆ ಪಾತ್ರವಿದೆ. ಆದುದರಿಂದ ಈ ಚಿಕಿತ್ಸೆಯ ಅಡ್ಡಪರಿಣಾಮಗಳು ದೇಹದ ಹಲವು ಭಾಗಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಹೆಚ್ಚಿನವು ಮುಂಚಿತವಾಗಿ ಊಹಿಸಬಹುದಾದವು ಮತ್ತು ಉಪಶಮನ ಸಾಧ್ಯವಿರುವವು. ಆದರೆ ವಯಸ್ಸಾದವರು ಅವುಗಳನ್ನು ಮುಪ್ಪಿನ ಲಕ್ಷಣವೆಂದು ಭಾವಿಸುವುದರಿಂದ, ಕೆಲವನ್ನು ಸಂಕೋಚದಿಂದ ಮರೆಮಾಚುವುದರಿಂದ ಚಿಕಿತ್ಸೆ ದೊರೆಯದೆ ಉಳಿಯುತ್ತವೆ.

ಹಿನ್ನೆಲೆ

ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ 1941ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನುಗಳನ್ನು ಅವಲಂಬಿಸಿದೆ ಎಂಬುದನ್ನು ತೋರಿಸಿದರು. ವೃಷಣಗಳನ್ನು ತೆಗೆದುಹಾಕಿದಾಗ ಅಥವಾ ಈಸ್ಟ್ರೋಜನ್ ಕೊಟ್ಟಾಗ ಹರಡಿದ ಕ್ಯಾನ್ಸರ್ ಕುಗ್ಗುತ್ತದೆ ಎಂಬುದು ಅವರ ಶೋಧನೆ. ಇದಕ್ಕಾಗಿ ಹಗಿನ್ಸ್ ಅವರಿಗೆ 1966ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಪೇಟನ್ ರೌಸ್ ಅವರೊಂದಿಗೆ ಹಂಚಿಕೆಯಾಯಿತು. ಈಸ್ಟ್ರೋಜನ್ ಮಾತ್ರೆಗಳು ಹೃದಯ ಮತ್ತು ರಕ್ತನಾಳಗಳಿಗೆ ಹಾನಿ ಮಾಡುವುದು ಕಂಡುಬಂದ ಮೇಲೆ ಅವುಗಳ ಬಳಕೆ ಕಡಿಮೆಯಾಯಿತು.

ಮಿದುಳಿನ ಹೈಪೋಥಲಾಮಸ್ ಭಾಗವು ಸ್ರವಿಸುವ, ಎಲ್‌ಎಚ್‌ಆರ್‌ಎಚ್ ಎಂದು ಕರೆಯಲಾಗುವ ಹಾರ್ಮೋನಿನ ರಚನೆಯನ್ನು ಆಂಡ್ರ್ಯೂ ಶಾಲಿ ಅವರ ತಂಡ 1971ರಲ್ಲಿ ಪ್ರಕಟಿಸಿತು. ಮಿದುಳಿನ ಹಾರ್ಮೋನುಗಳ ಕುರಿತ ಸಂಶೋಧನೆಗಾಗಿ ಶಾಲಿ ಮತ್ತು ರೋಜೆ ಗಿಯ್‌ಮಾ ಅವರು 1977ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಈ ಹಾರ್ಮೋನನ್ನು ಹೋಲುವ ಕೃತಕ ಔಷಧಗಳೇ ಇಂದಿನ ಚುಚ್ಚುಮದ್ದುಗಳು. ಲ್ಯೂಪ್ರೊಲೈಡ್‌ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1985ರಲ್ಲಿ ಅನುಮತಿ ನೀಡಿತು. ಬೇರೆ ಬಗೆಯಲ್ಲಿ ಕೆಲಸಮಾಡುವ ಡೆಗರೆಲಿಕ್ಸ್ 2008ರಲ್ಲಿಯೂ, ಬಾಯಿಯ ಮೂಲಕ ಸೇವಿಸುವ ರೆಲುಗೊಲಿಕ್ಸ್ 2020ರಲ್ಲಿಯೂ ಅಲ್ಲಿ ಅನುಮತಿ ಪಡೆದವು.

ಕಾರ್ಯವಿಧಾನ

ಎಲ್‌ಎಚ್‌ಆರ್‌ಎಚ್ ಹಾರ್ಮೋನು ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ. ಪಿಟ್ಯುಟರಿಯ ಸಂದೇಶದಂತೆ ವೃಷಣಗಳು ಟೆಸ್ಟೋಸ್ಟಿರಾನ್ ತಯಾರಿಸುತ್ತವೆ. ಚುಚ್ಚುಮದ್ದುಗಳು ಈ ಸರಪಳಿಯನ್ನು ಪಿಟ್ಯುಟರಿಯ ಹಂತದಲ್ಲಿ ತುಂಡರಿಸುತ್ತವೆ. ಇವುಗಳಲ್ಲಿ ಎರಡು ವರ್ಗಗಳಿವೆ.

ಮೊದಲನೆಯ ವರ್ಗದಲ್ಲಿ ಲ್ಯೂಪ್ರೊಲೈಡ್, ಗೊಸೆರೆಲಿನ್ ಮತ್ತು ಟ್ರಿಪ್ಟೊರೆಲಿನ್ ಸೇರಿವೆ. ಇವು ಪಿಟ್ಯುಟರಿಯನ್ನು ಎಡೆಬಿಡದೆ ಪ್ರಚೋದಿಸಿ ಕೊನೆಗೆ ಅದು ಸ್ಪಂದಿಸದಂತೆ ಮಾಡುತ್ತವೆ. ಹೀಗಾಗಿ ಆರಂಭದಲ್ಲಿ ಟೆಸ್ಟೋಸ್ಟಿರಾನ್ ಏರಿ, ಮೂರು ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಎರಡನೆಯ ವರ್ಗದ ಡೆಗರೆಲಿಕ್ಸ್ ಪಿಟ್ಯುಟರಿಯ ಗ್ರಾಹಕಗಳನ್ನು ನೇರವಾಗಿ ಮುಚ್ಚುತ್ತದೆ. ಇದರಲ್ಲಿ ಆರಂಭದ ಏರಿಕೆ ಇರುವುದಿಲ್ಲ, ಹೆಚ್ಚಿನವರಲ್ಲಿ ಮೂರು ದಿನಗಳೊಳಗೆ ಟೆಸ್ಟೋಸ್ಟಿರಾನ್ ಇಳಿಯುತ್ತದೆ. ರಕ್ತದ ಪ್ರತಿ ಡೆಸಿಲೀಟರಿಗೆ 50 ನ್ಯಾನೋಗ್ರಾಂಗಿಂತ ಕಡಿಮೆ ಟೆಸ್ಟೋಸ್ಟಿರಾನ್ ಇರುವುದನ್ನು ಚಿಕಿತ್ಸೆಯ ಗುರಿ ಮುಟ್ಟಿದ ಮಟ್ಟವೆಂದು ವಾಡಿಕೆಯಾಗಿ ಪರಿಗಣಿಸಲಾಗಿದೆ.

ದೇಹದೊಳಗೆ ಸೇರಿದ ಈ ಔಷಧವು ನಿಧಾನವಾಗಿ ಬಿಡುಗಡೆಯಾಗುತ್ತದೆ. ಮಾತ್ರೆಯನ್ನು ನಿಲ್ಲಿಸುವಂತೆ ಇದನ್ನು ಆ ಕ್ಷಣದಲ್ಲಿ ನಿಲ್ಲಿಸಲು ಬರುವುದಿಲ್ಲ. ಅಡ್ಡಪರಿಣಾಮಗಳ ಬಗ್ಗೆ ಮೊದಲ ಚುಚ್ಚುಮದ್ದಿಗೆ ಮುನ್ನವೇ ತಿಳಿದಿರಬೇಕಾದ ಕಾರಣ ಇದೇ ಆಗಿದೆ.

ಚುಚ್ಚಿದ ಜಾಗದ ಪ್ರತಿಕ್ರಿಯೆಗಳು

ಚುಚ್ಚಿದ ಜಾಗದಲ್ಲಿ ನೋವು, ಕೆಂಪಾಗುವಿಕೆ, ಊತ, ತುರಿಕೆ ಮತ್ತು ಗಂಟು ಕಾಣಿಸಿಕೊಳ್ಳಬಹುದು. ಡೆಗರೆಲಿಕ್ಸ್ ಚರ್ಮದ ಅಡಿಯಲ್ಲಿ ಲೋಳೆಯಂತೆ ಗಟ್ಟಿಯಾಗಿ ನಿಲ್ಲುವುದರಿಂದ ಅದರಲ್ಲಿ ಈ ತೊಂದರೆ ಹೆಚ್ಚು. ಅದನ್ನು ಲ್ಯೂಪ್ರೊಲೈಡ್ ಜೊತೆ ಹೋಲಿಸಿದ ಪ್ರಮುಖ ಪ್ರಯೋಗದಲ್ಲಿ ಡೆಗರೆಲಿಕ್ಸ್ ಪಡೆದವರ ಪೈಕಿ ಶೇಕಡ 40ರಷ್ಟು ಮಂದಿಗೆ ಇಂತಹ ಪ್ರತಿಕ್ರಿಯೆ ಉಂಟಾಯಿತು; ಲ್ಯೂಪ್ರೊಲೈಡ್ ಪಡೆದವರಲ್ಲಿ ಇದು ಶೇಕಡ 1ಕ್ಕಿಂತಲೂ ಕಡಿಮೆಯಿತ್ತು. ಡೆಗರೆಲಿಕ್ಸ್‌ನ ಮೊದಲ ಪ್ರಮಾಣವನ್ನು 120 ಮಿಲಿಗ್ರಾಂನ ಎರಡು ಚುಚ್ಚುಮದ್ದುಗಳಾಗಿ ಕೊಡುತ್ತಾರೆ. ಪ್ರತಿಕ್ರಿಯೆಯೂ ಹೆಚ್ಚಾಗಿ ಆಗಲೇ ಕಾಣಿಸಿಕೊಂಡು, ನಂತರದ 80 ಮಿಲಿಗ್ರಾಂನ ಮಾಸಿಕ ಚುಚ್ಚುಮದ್ದುಗಳಲ್ಲಿ ಕಡಿಮೆಯಾಗುತ್ತದೆ.

ಗೊಸೆರೆಲಿನ್ ದ್ರವವಲ್ಲ, ಸಣ್ಣ ಕಡ್ಡಿಯ ರೂಪದ ಔಷಧ. ಅದನ್ನು ದಪ್ಪ ಸೂಜಿಯಿಂದ ಹೊಟ್ಟೆಯ ಚರ್ಮದ ಅಡಿಗೆ ಸೇರಿಸುತ್ತಾರೆ. ಅಪರೂಪಕ್ಕೆ ಅಲ್ಲಿನ ರಕ್ತನಾಳಕ್ಕೆ ಗಾಯವಾಗಿ ರಕ್ತಸ್ರಾವ ಉಂಟಾಗುತ್ತದೆ. ತೀರಾ ತೆಳ್ಳಗಿರುವವರು ಮತ್ತು ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಇದನ್ನು ಮೊದಲೇ ತಿಳಿಸಬೇಕಾಗುತ್ತದೆ.

ಈ ಪ್ರತಿಕ್ರಿಯೆಗಳನ್ನು ತಗ್ಗಿಸಲು ಸಾಮಾನ್ಯವಾಗಿ ಅನುಸರಿಸುವ ಕ್ರಮಗಳು:

* ಪ್ರತಿ ಬಾರಿಯೂ ಚುಚ್ಚುವ ಜಾಗವನ್ನು ಬದಲಿಸುವುದು.
* ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸ್ವಲ್ಪ ಹೊತ್ತು ಇಡುವುದು.
* ಜಾಗವನ್ನು ಉಜ್ಜದಿರುವುದು, ಕೆರೆಯದಿರುವುದು. ಹೊಟ್ಟೆಗೆ ಚುಚ್ಚಿದ್ದರೆ ಬೆಲ್ಟು, ಉಡಿದಾರ ಅಥವಾ ಪಂಚೆಯ ಗಂಟು ಅದರ ಮೇಲೆ ಒತ್ತದಂತೆ ನೋಡಿಕೊಳ್ಳುವುದು.
* ವೈದ್ಯರ ಸಲಹೆಯಂತೆ ಪ್ಯಾರಸಿಟಮಾಲ್ ಸೇವಿಸುವುದು.

ಕೆಂಪು ದಿನೇ ದಿನೇ ಹರಡುವುದು, ಕೀವು, ಜ್ವರ ಇವು ಸೋಂಕಿನ ಲಕ್ಷಣಗಳಾಗಿದ್ದು ವೈದ್ಯರ ಪರೀಕ್ಷೆ ಅಗತ್ಯ. ಕೆಲವು ತಯಾರಿಕೆಗಳನ್ನು ಚುಚ್ಚುವ ಮೊದಲು ನಿಗದಿತ ಕ್ರಮದಲ್ಲಿ ಬೆರೆಸಬೇಕು. ಬೆರೆಸುವಾಗ ತಪ್ಪಾದರೆ ಔಷಧ ಪೂರ್ಣವಾಗಿ ದೇಹಕ್ಕೆ ಸೇರುವುದಿಲ್ಲ. ಇಂತಹ ಪ್ರಕರಣಗಳ ಹಿನ್ನೆಲೆಯಲ್ಲಿ ಯುರೋಪಿನ ಔಷಧ ಸಂಸ್ಥೆಯು 2020ರಲ್ಲಿ ಲ್ಯೂಪ್ರೊಲೈಡ್ ತಯಾರಿಕೆಗಳನ್ನು ತರಬೇತಿ ಪಡೆದ ಆರೋಗ್ಯ ಸಿಬ್ಬಂದಿಯೇ ಸಿದ್ಧಪಡಿಸಿ ಚುಚ್ಚಬೇಕೆಂದು ಶಿಫಾರಸು ಮಾಡಿತು.

ಮೊದಲ ವಾರಗಳ ಏರಿಕೆ

ಮೊದಲನೆಯ ವರ್ಗದ ಔಷಧಗಳಲ್ಲಿ ಟೆಸ್ಟೋಸ್ಟಿರಾನ್ ತಾತ್ಕಾಲಿಕವಾಗಿ ಏರುವ ಅವಧಿಯಲ್ಲಿ ಕ್ಯಾನ್ಸರ್‌ನ ಲಕ್ಷಣಗಳು ಉಲ್ಬಣಿಸಬಹುದು. ಮೂಳೆಯ ನೋವು ಹೆಚ್ಚುವುದು ಮತ್ತು ಮೂತ್ರ ಕಟ್ಟುವುದು ಇವುಗಳಲ್ಲಿ ಮುಖ್ಯವಾದವು. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದ್ದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದು ಕಾಲುಗಳ ಶಕ್ತಿ ಕುಂದುವ ಸಂಭವವೂ ಇದೆ. ಇದನ್ನು ತಡೆಯಲು ಬೈಕಾಲುಟಮೈಡ್‌ನಂತಹ ಆಂಡ್ರೋಜನ್ ವಿರೋಧಿ ಮಾತ್ರೆಯನ್ನು ಮೊದಲ ಚುಚ್ಚುಮದ್ದಿಗೆ ಮುನ್ನ ಅಥವಾ ಅದರ ಜೊತೆಗೆ ಆರಂಭಿಸಿ ಕೆಲವು ವಾರ ಮುಂದುವರಿಸುತ್ತಾರೆ. ಚುಚ್ಚುಮದ್ದು ಆಯಿತೆಂದು ಈ ಮಾತ್ರೆಯನ್ನು ಬಿಟ್ಟರೆ ರಕ್ಷಣೆ ತಪ್ಪುತ್ತದೆ. ಬೆನ್ನುಹುರಿಗೆ ಅಪಾಯವಿದೆಯೆಂದು ಮೊದಲೇ ತಿಳಿದಿರುವವರಿಗೆ ಡೆಗರೆಲಿಕ್ಸ್ ಅಥವಾ ವೃಷಣ ಶಸ್ತ್ರಚಿಕಿತ್ಸೆಯನ್ನು ಆಯ್ದುಕೊಳ್ಳುವುದುಂಟು.

ದೀರ್ಘಕಾಲದ ಅಡ್ಡಪರಿಣಾಮಗಳು

ಮೈ ಬಿಸಿಯೇರುವಿಕೆ

ಹಾಟ್ ಫ್ಲಶ್ ಎಂದು ಕರೆಯಲಾಗುವ ಈ ತೊಂದರೆಯಲ್ಲಿ ಮುಖ, ಕುತ್ತಿಗೆ ಮತ್ತು ಎದೆಯ ಭಾಗ ಇದ್ದಕ್ಕಿದ್ದಂತೆ ಬಿಸಿಯಾಗಿ, ಬೆವರಿ, ಬಳಿಕ ಚಳಿಯೆನಿಸುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಮಹಿಳೆಯರು ಅನುಭವಿಸುವುದೂ ಇದನ್ನೇ. ಚಿಕಿತ್ಸೆ ಪಡೆಯುವವರಲ್ಲಿ ಹೆಚ್ಚಿನವರಿಗೆ ಇದು ಕಾಣಿಸಿಕೊಳ್ಳುತ್ತದೆ. ಜ್ವರಮಾಪಕದಲ್ಲಿ ಜ್ವರ ಕಾಣದಿರುವುದು ಇದರ ಗುರುತು. ರಾತ್ರಿ ಬೆವರಿ ನಿದ್ರೆ ಕೆಡುವುದರಿಂದ ಹಗಲಿನ ಆಯಾಸವೂ ಹೆಚ್ಚುತ್ತದೆ.

ಹತ್ತಿಯ ತೆಳು ಉಡುಪು, ಗಾಳಿಯಾಡುವ ಕೋಣೆ, ತಣ್ಣೀರು ಇವು ನೆರವಾಗುತ್ತವೆ. ಬಿಸಿ ಕಾಫಿ, ಖಾರದ ಅಡುಗೆ ಅಥವಾ ಮದ್ಯದ ನಂತರ ತೊಂದರೆ ಹೆಚ್ಚುವುದೇ ಎಂಬುದನ್ನು ಕೆಲವು ದಿನ ಬರೆದಿಟ್ಟುಕೊಂಡರೆ ಬಿಡಬೇಕಾದುದು ಯಾವುದೆಂದು ಗೊತ್ತಾಗುತ್ತದೆ. ಇಷ್ಟರಿಂದ ಶಮನವಾಗದಿದ್ದರೆ ಔಷಧಗಳಿವೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವೆನ್ಲಾಫ್ಯಾಕ್ಸಿನ್ ಈ ತೊಂದರೆಯನ್ನು ಸುಮಾರು ಅರ್ಧಕ್ಕೆ ಇಳಿಸಿತು. ಮೆಡ್ರಾಕ್ಸಿಪ್ರೊಜೆಸ್ಟಿರಾನ್ ಮತ್ತು ಸೈಪ್ರೊಟೆರೋನ್ ಅದಕ್ಕಿಂತ ಹೆಚ್ಚು ಪರಿಣಾಮ ತೋರಿದವು. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯು ದಿನಕ್ಕೆ 20 ಮಿಲಿಗ್ರಾಂ ಮೆಡ್ರಾಕ್ಸಿಪ್ರೊಜೆಸ್ಟಿರಾನ್ ಅನ್ನು ಮೊದಲಿಗೆ 10 ವಾರ ಕೊಟ್ಟು ನೋಡಲು ಸೂಚಿಸುತ್ತದೆ. ಈ ಔಷಧಗಳಿಗೂ ತಮ್ಮದೇ ಅಡ್ಡಪರಿಣಾಮಗಳಿವೆ. ವೆನ್ಲಾಫ್ಯಾಕ್ಸಿನ್ ರಕ್ತದೊತ್ತಡವನ್ನು ಏರಿಸಬಲ್ಲದು, ಅದನ್ನು ಹಠಾತ್ತನೆ ನಿಲ್ಲಿಸಬಾರದು. ಸೈಪ್ರೊಟೆರೋನ್ ಯಕೃತ್ತಿಗೆ ಹಾನಿ ಮಾಡಬಹುದು.

ಮೂಳೆಗಳ ಸವೆತ

ಪುರುಷರ ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದು ಟೆಸ್ಟೋಸ್ಟಿರಾನ್‌ನಿಂದಲೇ. ಮೂಳೆಯ ಸಾಂದ್ರತೆ ಉಳಿಯಲು ಆ ಈಸ್ಟ್ರೋಜನ್ ಬೇಕು. ಚುಚ್ಚುಮದ್ದಿನಿಂದ ಎರಡೂ ಇಳಿಯುವುದರಿಂದ ಮೂಳೆ ಸವೆಯುತ್ತದೆ. ಮೊದಲ ವರ್ಷದಲ್ಲಿ ನಷ್ಟ ಹೆಚ್ಚು. ಮೂಳೆ ಮುರಿಯುವವರೆಗೆ ಇದಕ್ಕೆ ನೋವಾಗಲಿ ಬೇರೆ ಲಕ್ಷಣವಾಗಲಿ ಇರುವುದಿಲ್ಲ. ಆದ್ದರಿಂದ ದೀರ್ಘಕಾಲದ ಚಿಕಿತ್ಸೆಯ ಆರಂಭದಲ್ಲಿ ಡೆಕ್ಸಾ ಎಂಬ ಮೂಳೆ ಸಾಂದ್ರತೆಯ ಪರೀಕ್ಷೆಯನ್ನು ಮಾಡಿಸಿ, ಬಳಿಕ ವೈದ್ಯರು ಹೇಳಿದ ಅವಧಿಗೊಮ್ಮೆ ಮತ್ತೆ ಮಾಡಿಸುವುದು ರೂಢಿ.

ಆಹಾರದಲ್ಲಿ ಸಾಕಷ್ಟು ಕ್ಯಾಲ್ಸಿಯಂ, ರಕ್ತದಲ್ಲಿ ಸಾಕಷ್ಟು ಡಿ ಜೀವಸತ್ವ, ನಡಿಗೆ ಮತ್ತು ಭಾರ ಎತ್ತುವ ವ್ಯಾಯಾಮ, ಧೂಮಪಾನ ಮತ್ತು ಮದ್ಯಪಾನದಿಂದ ದೂರವಿರುವುದು ಮೂಲ ಕ್ರಮಗಳು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಧಾನ್ಯದಲ್ಲಿರುವ ಫೈಟೇಟ್‌ನಿಂದಾಗಿ ಅದು ಪೂರ್ತಿಯಾಗಿ ದೇಹಕ್ಕೆ ದಕ್ಕುವುದಿಲ್ಲ. ಹಾಲು, ಮೊಸರು, ಮಜ್ಜಿಗೆಗಳೂ ಜೊತೆಗಿರಬೇಕು. ಮೂಳೆ ಮುರಿಯುವ ಅಪಾಯ ಹೆಚ್ಚಿರುವವರಿಗೆ ಡೆನೊಸುಮ್ಯಾಬ್ ಅಥವಾ ಜೊಲೆಡ್ರೋನಿಕ್ ಆಮ್ಲವನ್ನು ಕೊಡುತ್ತಾರೆ. ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ಡೆನೊಸುಮ್ಯಾಬ್ ಪಡೆದವರಲ್ಲಿ 36 ತಿಂಗಳಲ್ಲಿ ಹೊಸದಾಗಿ ಬೆನ್ನುಮೂಳೆ ಮುರಿದ ಪ್ರಮಾಣ ಶೇಕಡ 1.5 ಇದ್ದರೆ, ಪಡೆಯದವರಲ್ಲಿ ಶೇಕಡ 3.9 ಇತ್ತೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಈ ಔಷಧಗಳಿಂದ ಅಪರೂಪಕ್ಕೆ ದವಡೆಯ ಮೂಳೆ ಕೊಳೆಯುವ ತೊಂದರೆ ಬರುತ್ತದೆ. ಆದುದರಿಂದ ಹುಳುಕು ಹಲ್ಲುಗಳ ಚಿಕಿತ್ಸೆಯನ್ನು ಮೊದಲೇ ಮುಗಿಸಿಕೊಳ್ಳಲು ಹೇಳುತ್ತಾರೆ.

ಆಯಾಸ, ಸ್ನಾಯುಗಳ ಕ್ಷಯ ಮತ್ತು ತೂಕ

ಸ್ನಾಯು ಕರಗಿ ಕೊಬ್ಬು ಸೇರುವುದು ಈ ಚಿಕಿತ್ಸೆಯ ಸಾಮಾನ್ಯ ಪರಿಣಾಮ. ತೂಕ ಏರಿದರೂ ಬಲ ಕುಂದುತ್ತದೆ. ಟೆಸ್ಟೋಸ್ಟಿರಾನ್ ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರಚೋದಕವಾಗಿರುವುದರಿಂದ ಸೌಮ್ಯ ರಕ್ತಹೀನತೆಯೂ ಉಂಟಾಗುತ್ತದೆ. ಕಬ್ಬಿಣಾಂಶದ ಕೊರತೆ ಇಲ್ಲದಿದ್ದಲ್ಲಿ ಕಬ್ಬಿಣದ ಮಾತ್ರೆಯಿಂದ ಇದು ಸರಿಹೋಗುವುದಿಲ್ಲ.

ಆಯಾಸಕ್ಕೆ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಇಲ್ಲಿ ಹೊಂದುವುದಿಲ್ಲ. ಹೆಚ್ಚು ಮಲಗಿದಷ್ಟೂ ಸ್ನಾಯು ಕರಗುತ್ತದೆ. ವ್ಯಾಯಾಮದಿಂದ ಆಯಾಸ ಕಡಿಮೆಯಾಗುವುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಬ್ರಿಟನ್ನಿನ ಮಾರ್ಗಸೂಚಿಯು ವಾರಕ್ಕೆ ಕನಿಷ್ಠ ಎರಡು ಬಾರಿಯಂತೆ 12 ವಾರಗಳ ಕಾಲ, ತರಬೇತುದಾರರ ಮೇಲ್ವಿಚಾರಣೆಯಲ್ಲಿ ಭಾರದ ವ್ಯಾಯಾಮ ಮತ್ತು ಉಸಿರಾಟ ಹೆಚ್ಚಿಸುವ ವ್ಯಾಯಾಮಗಳನ್ನು ಒದಗಿಸಬೇಕೆನ್ನುತ್ತದೆ. ಮೂಳೆಗೆ ಕ್ಯಾನ್ಸರ್ ಹರಡಿದವರು ಯಾವ ಭಾರ ಎತ್ತಬಹುದೆಂಬುದನ್ನು ವೈದ್ಯರಿಂದ ತಿಳಿದುಕೊಂಡೇ ಆರಂಭಿಸಬೇಕಾಗುತ್ತದೆ.

ಮಧುಮೇಹ ಮತ್ತು ಹೃದಯ

ಇನ್ಸುಲಿನ್‌ಗೆ ದೇಹದ ಸ್ಪಂದನ ಕುಗ್ಗುವುದರಿಂದ ರಕ್ತದ ಸಕ್ಕರೆ ಮತ್ತು ಕೊಬ್ಬಿನ ಅಂಶ ಏರಬಹುದು. ಮಧುಮೇಹ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುವ ಸಾಧ್ಯತೆಯ ಬಗ್ಗೆ ಮೊದಲ ವರ್ಗದ ಔಷಧಗಳ ಮಾಹಿತಿಪತ್ರದಲ್ಲಿ ಎಚ್ಚರಿಕೆ ಸೇರಿಸುವಂತೆ ಅಮೆರಿಕದ ಔಷಧ ಆಡಳಿತ 2010ರಲ್ಲಿ ಸೂಚಿಸಿತು. ಹೃದಯದ ವಿದ್ಯುತ್ ಲಯದ ಮೇಲೂ ಪರಿಣಾಮವಾಗಬಹುದಾದ್ದರಿಂದ ರೋಗಿಯು ಸೇವಿಸುವ ಇತರ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು ಮುಖ್ಯ.

ಯಾವ ಔಷಧ ಹೃದಯಕ್ಕೆ ಹೆಚ್ಚು ಸುರಕ್ಷಿತ ಎಂಬ ಪ್ರಶ್ನೆ ಇತ್ಯರ್ಥವಾಗಿಲ್ಲ. 2020ರ ಹೀರೋ ಪ್ರಯೋಗದಲ್ಲಿ ಗಂಭೀರ ಹೃದಯ ಮತ್ತು ರಕ್ತನಾಳದ ಘಟನೆಗಳು ರೆಲುಗೊಲಿಕ್ಸ್ ಪಡೆದ ಶೇಕಡ 2.9 ಮಂದಿಯಲ್ಲಿಯೂ, ಲ್ಯೂಪ್ರೊಲೈಡ್ ಪಡೆದ ಶೇಕಡ 6.2 ಮಂದಿಯಲ್ಲಿಯೂ ಕಂಡುಬಂದವು. ಆದರೆ ಡೆಗರೆಲಿಕ್ಸ್ ಮತ್ತು ಲ್ಯೂಪ್ರೊಲೈಡ್‌ಗಳನ್ನು ಹೋಲಿಸಿದ, ಅವಧಿಗೆ ಮುನ್ನ ನಿಂತ ಪ್ರೊನೌನ್ಸ್ ಪ್ರಯೋಗವು 2021ರಲ್ಲಿ ಅಂತಹ ವ್ಯತ್ಯಾಸವನ್ನು ತೋರಿಸಲಿಲ್ಲ. ರಕ್ತದೊತ್ತಡ, ಸಕ್ಕರೆ ಮತ್ತು ಕೊಬ್ಬಿನ ನಿಯಂತ್ರಣ ಹಾಗೂ ಧೂಮಪಾನದ ತ್ಯಾಗ ಯಾವ ಔಷಧ ಪಡೆದರೂ ಅಗತ್ಯ.

ಲೈಂಗಿಕ ಜೀವನ ಮತ್ತು ಸ್ತನಗಳ ಊತ

ಕಾಮಾಸಕ್ತಿ ಕುಗ್ಗುವುದು, ನಿಮಿರು ದೌರ್ಬಲ್ಯ, ಶಿಶ್ನ ಮತ್ತು ವೃಷಣಗಳ ಗಾತ್ರ ಕಿರಿದಾಗುವುದು ಬಹುಪಾಲು ರೋಗಿಗಳ ಅನುಭವ. ಇದು ಹಾರ್ಮೋನು ಇಳಿದುದರ ನೇರ ಫಲವೇ ಹೊರತು ಮನಸ್ಸಿನ ದೌರ್ಬಲ್ಯವಲ್ಲ. ಕಾರಣ ತಿಳಿಯದ ಪತ್ನಿಯು ಇದನ್ನು ಉಪೇಕ್ಷೆಯೆಂದು ತಪ್ಪಾಗಿ ತಿಳಿಯುವ ಸಂಭವವಿರುವುದರಿಂದ, ಚಿಕಿತ್ಸೆಗೆ ಮುನ್ನ ದಂಪತಿಗಳಿಬ್ಬರಿಗೂ ವಿವರಿಸುವುದು ಉತ್ತಮ ಕ್ರಮವೆನಿಸಿದೆ. ಸಿಲ್ಡೆನಫಿಲ್‌ನಂತಹ ಮಾತ್ರೆಗಳು ನಿಮಿರುವಿಕೆಗೆ ಕೆಲವರಲ್ಲಿ ನೆರವಾದರೂ ಆಸಕ್ತಿಯನ್ನು ಮರಳಿ ತರುವುದಿಲ್ಲ. ಎದೆನೋವಿಗಾಗಿ ನೈಟ್ರೇಟ್ ಔಷಧ ಬಳಸುವವರು ಅವುಗಳನ್ನು ಸೇವಿಸಬಾರದು. ಮಕ್ಕಳನ್ನು ಪಡೆಯಲು ಬಯಸುವವರು ಚಿಕಿತ್ಸೆ ಆರಂಭವಾಗುವ ಮುನ್ನ ವೀರ್ಯ ಸಂಗ್ರಹಣೆಯ ಬಗ್ಗೆ ವಿಚಾರಿಸಬಹುದು.

ಸ್ತನಗಳ ಊತ ಮತ್ತು ನೋವು ಚುಚ್ಚುಮದ್ದಿಗಿಂತಲೂ ಬೈಕಾಲುಟಮೈಡ್ ಮಾತ್ರೆಯನ್ನು ಒಂಟಿಯಾಗಿ ದೀರ್ಘಕಾಲ ಸೇವಿಸುವವರಲ್ಲಿ ಹೆಚ್ಚು. ಅಂತಹವರಿಗೆ ಸ್ತನಭಾಗಕ್ಕೆ ಅಲ್ಪ ಪ್ರಮಾಣದ ವಿಕಿರಣ ಅಥವಾ ಟಮಾಕ್ಸಿಫೆನ್ ಮಾತ್ರೆಯಿಂದ ಇದನ್ನು ತಗ್ಗಿಸಬಹುದಾಗಿದೆ.

ಮನಸ್ಸು

ಸಿಡುಕು, ಅಕಾರಣ ಅಳು, ನಿರುತ್ಸಾಹ, ಮರೆವು ಮತ್ತು ಏಕಾಗ್ರತೆಯ ಕೊರತೆ ಕಾಣಿಸಿಕೊಳ್ಳಬಹುದು. ಬದಲಾವಣೆಯನ್ನು ರೋಗಿಗಿಂತ ಮೊದಲು ಮನೆಯವರೇ ಗಮನಿಸುವುದುಂಟು. ಎರಡು ವಾರಗಳಿಗೂ ಮೀರಿ ಉಳಿಯುವ ಖಿನ್ನತೆಗೆ ಆಪ್ತಸಮಾಲೋಚನೆ ಮತ್ತು ಔಷಧಗಳಿಂದ ಚಿಕಿತ್ಸೆ ಸಾಧ್ಯ. ಬದುಕು ಬೇಡವೆಂಬ ಮಾತು ರೋಗಿಯಿಂದ ಬಂದರೆ ತಡಮಾಡದೆ ವೈದ್ಯರ ಗಮನಕ್ಕೆ ತರಬೇಕಾಗುತ್ತದೆ.

ತುರ್ತು ಲಕ್ಷಣಗಳು

ಕೆಳಗಿನ ಲಕ್ಷಣಗಳು ಕಂಡಾಗ ಮುಂದಿನ ಭೇಟಿಯವರೆಗೆ ಕಾಯದೆ ತುರ್ತು ಚಿಕಿತ್ಸೆ ಪಡೆಯಬೇಕು:

* ಕಾಲುಗಳಲ್ಲಿ ಬಲಹೀನತೆ ಅಥವಾ ಜೋಮು, ಹೊಸದಾಗಿ ಬಂದ ತೀವ್ರ ಬೆನ್ನುನೋವು, ಮಲಮೂತ್ರದ ಹಿಡಿತ ತಪ್ಪುವುದು: ಬೆನ್ನುಹುರಿಯ ಮೇಲಿನ ಒತ್ತಡದ ಸೂಚನೆ. ಚಿಕಿತ್ಸೆ ತಡವಾದರೆ ಕಾಲಿನ ಶಕ್ತಿ ಮರಳದಿರಬಹುದು.
* ಮೂತ್ರ ಪೂರ್ತಿಯಾಗಿ ಕಟ್ಟುವುದು.
* ಚುಚ್ಚುಮದ್ದಿನ ಬಳಿಕ ಉಸಿರಾಟದ ತೊಂದರೆ, ಮುಖ ಅಥವಾ ಗಂಟಲಿನ ಊತ, ಮೈತುಂಬ ದದ್ದು: ತೀವ್ರ ಅಲರ್ಜಿಯ ಲಕ್ಷಣಗಳು. ಇದು ಅಪರೂಪ.
* ಎದೆನೋವು, ಮಾತು ತೊದಲುವುದು, ದೇಹದ ಒಂದು ಬದಿ ಸೋಲುವುದು, ಎಚ್ಚರ ತಪ್ಪುವುದು.
* ಹಠಾತ್ತಾದ ತೀವ್ರ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು: ಪಿಟ್ಯುಟರಿ ಗ್ರಂಥಿಯೊಳಗೆ ರಕ್ತಸ್ರಾವವಾಗಿರಬಹುದು. ಇದು ಬಹಳ ಅಪರೂಪ.

ಚಿಕಿತ್ಸೆಯ ಅವಧಿ ಮತ್ತು ನಿಲುಗಡೆ

ಅಡ್ಡಪರಿಣಾಮಗಳಿಂದ ಬೇಸತ್ತು ಮುಂದಿನ ಚುಚ್ಚುಮದ್ದನ್ನು ತಾವಾಗಿಯೇ ತಪ್ಪಿಸುವವರಿದ್ದಾರೆ. ಟೆಸ್ಟೋಸ್ಟಿರಾನ್ ಮತ್ತೆ ಏರಿದರೆ ಕ್ಯಾನ್ಸರ್ ಬೆಳೆಯಲು ಅವಕಾಶವಾಗುತ್ತದೆ. ಚಿಕಿತ್ಸೆಯ ಬೆಲೆಯನ್ನು 1997ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು ತೋರಿಸುತ್ತದೆ. ಗ್ರಂಥಿಯ ಸುತ್ತ ಬೆಳೆದ ಕ್ಯಾನ್ಸರ್‌ಗೆ ವಿಕಿರಣದೊಂದಿಗೆ ಮೂರು ವರ್ಷ ಗೊಸೆರೆಲಿನ್ ಪಡೆದವರಲ್ಲಿ ಶೇಕಡ 79 ಮಂದಿ ಐದು ವರ್ಷಗಳ ನಂತರ ಬದುಕಿದ್ದರು. ವಿಕಿರಣ ಮಾತ್ರ ಪಡೆದವರಲ್ಲಿ ಶೇಕಡ 62 ಮಂದಿ ಬದುಕಿದ್ದರು.

ವೈದ್ಯರ ಮೇಲ್ವಿಚಾರಣೆಯಲ್ಲಿ ಬಿಡುವು ಕೊಟ್ಟು ಚಿಕಿತ್ಸೆ ನಡೆಸುವ ಕ್ರಮವೂ ಇದೆ. ಇದರಲ್ಲಿ ಪಿಎಸ್‌ಎ ಎಂಬ ರಕ್ತಪರೀಕ್ಷೆಯ ಮಟ್ಟ ಇಳಿದಾಗ ಚುಚ್ಚುಮದ್ದು ನಿಲ್ಲಿಸಿ, ಏರಿದಾಗ ಮತ್ತೆ ಆರಂಭಿಸುತ್ತಾರೆ. ವಿಕಿರಣ ಚಿಕಿತ್ಸೆಯ ನಂತರ ಪಿಎಸ್‌ಎ ಮಾತ್ರ ಏರಿದ 1,386 ಪುರುಷರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬದುಕುಳಿದ ಮಧ್ಯಮ ಅವಧಿಯು ಬಿಡುವಿನ ಗುಂಪಿನಲ್ಲಿ 8.8 ವರ್ಷ, ನಿರಂತರ ಚಿಕಿತ್ಸೆಯ ಗುಂಪಿನಲ್ಲಿ 9.1 ವರ್ಷ ಇತ್ತು. ಈ ಅಂತರವನ್ನು ಗಣನೀಯವಲ್ಲವೆಂದು ಪರಿಗಣಿಸಲಾಯಿತು. ದೇಹದ ದೂರದ ಭಾಗಗಳಿಗೆ ಕ್ಯಾನ್ಸರ್ ಹರಡಿದವರ ವಿಷಯದಲ್ಲಿ ಬಿಡುವು ಅಷ್ಟೇ ಸುರಕ್ಷಿತವೆಂಬುದು 2013ರ ಪ್ರಯೋಗದಲ್ಲಿ ಸಾಬೀತಾಗಲಿಲ್ಲ.

ಚುಚ್ಚುಮದ್ದು ನಿಂತ ಮೇಲೆ ಟೆಸ್ಟೋಸ್ಟಿರಾನ್ ಮರಳಲು ಹಲವು ತಿಂಗಳು ಬೇಕು. ವಯಸ್ಸಾದವರಲ್ಲಿ ಮತ್ತು ದೀರ್ಘಕಾಲ ಚಿಕಿತ್ಸೆ ಪಡೆದವರಲ್ಲಿ ಅದು ಪೂರ್ಣವಾಗಿ ಮರಳದಿರಬಹುದು. ಅಡ್ಡಪರಿಣಾಮಗಳೂ ಅದೇ ಗತಿಯಲ್ಲಿ ಇಳಿಯುತ್ತವೆ.

ಭಾರತದಲ್ಲಿ

ಭಾರತದಲ್ಲಿ ಚುಚ್ಚುಮದ್ದಿನ ವೆಚ್ಚ ಮತ್ತು ಪದೇ ಪದೇ ಆಸ್ಪತ್ರೆಗೆ ಬರಬೇಕಾದ ತೊಂದರೆಯಿಂದಾಗಿ ಎರಡೂ ವೃಷಣಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ. ಇದರಿಂದ ಒಂದು ದಿನದೊಳಗೆ ಟೆಸ್ಟೋಸ್ಟಿರಾನ್ ಇಳಿಯುತ್ತದೆ, ಆರಂಭದ ಏರಿಕೆಯಾಗಲಿ ಚುಚ್ಚಿದ ಜಾಗದ ಪ್ರತಿಕ್ರಿಯೆಯಾಗಲಿ ಇರುವುದಿಲ್ಲ. ಆದರೆ ಇದನ್ನು ಹಿಂದೆಗೆಯಲಾಗದು. ಮೈ ಬಿಸಿಯೇರುವಿಕೆ, ಮೂಳೆ ಸವೆತ ಮೊದಲಾದ ದೀರ್ಘಕಾಲದ ಪರಿಣಾಮಗಳು ಇದರಲ್ಲಿಯೂ ಉಂಟಾಗುವುದರಿಂದ ಮೇಲೆ ಹೇಳಿದ ಪರೀಕ್ಷೆಗಳು ಮತ್ತು ಆರೈಕೆ ಶಸ್ತ್ರಚಿಕಿತ್ಸೆಯಾದವರಿಗೂ ಅನ್ವಯಿಸುತ್ತವೆ. ಶಸ್ತ್ರಚಿಕಿತ್ಸೆಯ ಬಳಿಕ ಮತ್ತೆ ಚುಚ್ಚುಮದ್ದಿಗೆ ಬರುವ ಅಗತ್ಯವಿಲ್ಲದ ಕಾರಣ ಈ ಪರೀಕ್ಷೆಗಳು ತಪ್ಪಿಹೋಗುವ ಸಾಧ್ಯತೆ ಅವರಲ್ಲಿ ಹೆಚ್ಚು.